ಹಿತ್ತಿಲ ತರಕಾರಿ, ಡಬ್ಬಿಯ ಬೇಳೆ: ಮನೆಯಲ್ಲೇ ಸೂಪ್

ಸೂಪ್ ಎಂದ ಕೂಡಲೇ ನಮ್ಮಲ್ಲಿ ಅನೇಕ ಗೃಹಿಣಿಯರಿಗೆ ನೆನಪಾಗುವುದು ಹೋಟೆಲು. ಪಿಂಗಾಣಿ ಬಟ್ಟಲು, ಚಪ್ಪಟೆ ಚಮಚ, ಮೇಲೆ ತೇಲುವ ನಾಲ್ಕು ಕರಿದ ಬ್ರೆಡ್ ಚೂರು. "ಅದೆಲ್ಲ ನಮ್ಮ ಅಡಿಗೆಮನೆಗೆ ಆಗಿಬರೋದಲ್ಲಪ್ಪ, ಬೆಣ್ಣೆ ಬೇಕು, ಮೈದಾ ಬೇಕು, ಕೆನೆ ಬೇಕು" ಎಂದು ಕೈಬಿಡುವವರೇ ಹೆಚ್ಚು. ಇನ್ನು ಕೆಲವರು ಅಂಗಡಿಯಿಂದ ಪೊಟ್ಟಣ ತಂದು ಬಿಸಿನೀರಿಗೆ ಕಲಸಿ, ಅದನ್ನೇ ಸೂಪ್ ಎಂದು ಮಕ್ಕಳಿಗೆ ಕೊಟ್ಟುಬಿಡುತ್ತಾರೆ.

ನಿಜ ನೋಡಿದರೆ ಸೂಪ್ ನಮಗೆ ಹೊಸದೇನೂ ಅಲ್ಲ. ತೊಗರಿಬೇಳೆ ಬೇಯಿಸಿ ಮೇಲಿನ ತಿಳಿಯನ್ನು ತೆಗೆದು ಕಟ್ಟಿನ ಸಾರು ಮಾಡುವವರು ನಾವು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಒಂದು ತೊಟ್ಟೂ ಚೆಲ್ಲದೆ ಬಸ್ಸಾರು ಮಾಡುವ ಮಂಡ್ಯ, ಮೈಸೂರು ಸೀಮೆಯ ಹೆಂಗಸರಿಗೆ ತರಕಾರಿಯ ಸತ್ವ ನೀರಿಗೆ ಇಳಿಯುತ್ತದೆ ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ಜ್ವರ ಬಂದವರಿಗೆ ಮೆಣಸಿನ ಸಾರು, ಚಳಿಗೆ ಹುರುಳಿಕಟ್ಟು, ಬಿಸಿಲಿಗೆ ರಾಗಿ ಅಂಬಲಿ, ಇವೆಲ್ಲ ಲೋಟದಲ್ಲಿ ಕುಡಿಯುವ ಊಟವೇ ಅಲ್ಲವೇ? ಇಂಗ್ಲಿಷರು ಮದರಾಸಿನ ಕಡೆ ಇದ್ದಾಗ ಅಲ್ಲಿನವರ ಮೆಣಸಿನ ನೀರನ್ನು ಕುಡಿದು ರುಚಿ ಹತ್ತಿ, ಅದಕ್ಕೆ ಮಾಂಸ ಮತ್ತೊಂದು ಸೇರಿಸಿ 'ಮಲ್ಲಿಗಟಾನಿ' ಸೂಪ್ ಎಂದು ತಮ್ಮ ದೇಶಕ್ಕೆ ಕೊಂಡೊಯ್ದರು. ಆ ಹೆಸರು ತಮಿಳಿನ 'ಮಿಳಗು ತಣ್ಣೀರ್' ಎಂಬ ಮಾತಿನಿಂದಲೇ ಬಂದದ್ದು. ಮಿಳಗು ಎಂದರೆ ಮೆಣಸು, ತಣ್ಣೀರ್ ಎಂದರೆ ನೀರು. ಅಂದಮೇಲೆ ನಾವು ಸೂಪಿಗೆ ಹೆದರುವುದೇಕೆ?

ಗಸಿ ಎಸೆದರೆ ಉಳಿಯುವುದು ನೀರು

ಸೂಪ್ ಮಾಡುವ ವಿಧಾನಕ್ಕೆ ಹೋಗುವ ಮೊದಲು ಒಂದು ಮುಖ್ಯವಾದ ಮಾತು. ಕಾಯಿಲೆಯವರಿಗೆಂದು ಸೂಪ್ ಮಾಡುವಾಗ ಹೆಚ್ಚಿನವರು ತರಕಾರಿ ಬೇಯಿಸಿ, ಸೋಸಿ, ತಿಳಿಯನ್ನು ಮಾತ್ರ ಕೊಟ್ಟು ಗಸಿಯನ್ನು ಎಸೆಯುತ್ತಾರೆ. ಬೆಂದ ನೀರಿಗೆ ಉಪ್ಪು, ಕೆಲವು ಲವಣಾಂಶ, ಕೆಲವು ಜೀವಸತ್ವ ಇಳಿದಿರುತ್ತವೆ, ನಿಜ. ಆದರೆ ಹೊಟ್ಟೆ ತುಂಬಿಸುವ ಹಿಟ್ಟಿನ ಅಂಶ, ನಾರು, ಬೇಳೆಯ ಸಸಾರಜನಕ ಎಲ್ಲ ಬಹುಪಾಲು ಗಸಿಯಲ್ಲೇ ಉಳಿದಿರುತ್ತದೆ. ಒಂದೆರಡು ದಿನ ಬರೀ ನೀರಾಹಾರ ಎಂದು ಡಾಕ್ಟರು ಹೇಳಿದ್ದರೆ ಸರಿ. ವಾರಗಟ್ಟಲೆ ಇದನ್ನೇ ಕೊಟ್ಟರೆ, "ದಿನಾ ಮೂರು ಸಲ ಸೂಪ್ ಕೊಡ್ತಿದ್ದೀನಿ, ಆದರೂ ಸೊರಗ್ತಾ ಇದ್ದಾರಲ್ಲ" ಎಂದು ಕೊರಗಬೇಕಾಗುತ್ತದೆ.

ನಮ್ಮ ಮನೆಯಲ್ಲೇ ಇದರ ಅನುಭವವಾಯಿತು. ಕಳೆದ ಮಳೆಗಾಲದಲ್ಲಿ ನಮ್ಮ ಮಾವನವರಿಗೆ ಜ್ವರ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದರು. ವಯಸ್ಸು ಎಪ್ಪತ್ತೊಂಬತ್ತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಉಳಿದಿದ್ದ ಹಲ್ಲುಗಳನ್ನೂ ಕೀಳಿಸಿದ್ದರು. ಆಸ್ಪತ್ರೆಯಲ್ಲಿ ಹೊತ್ತು ಹೊತ್ತಿಗೆ ತಿಳಿನೀರಿನಂಥ ಸೂಪ್ ಕೊಡುತ್ತಿದ್ದರು. ಮನೆಗೆ ಬರುವ ಹೊತ್ತಿಗೆ ನಾಲ್ಕು ಕಿಲೋ ಇಳಿದಿದ್ದರು. ಜೀವಮಾನವಿಡೀ ಮುದ್ದೆ ಉಂಡು ಗದ್ದೆ ಕೆಲಸ ಮಾಡಿದವರು, ಎದ್ದು ಹಿತ್ತಿಲ ಬಾಗಿಲಿಗೆ ಹೋಗಲೂ ಗೋಡೆ ಹಿಡಿಯುವ ಹಾಗಾದರು. ನೋಡಲು ಬಂದ ನೆಂಟರೊಬ್ಬರು ಪ್ರೀತಿಯಿಂದಲೇ ಹತ್ತು ಸೂಪ್ ಪೊಟ್ಟಣ ತಂದುಕೊಟ್ಟರು. ನನ್ನ ಮಗಳು ಅದರ ಹಿಂಬದಿಯನ್ನು ಓದಿ, "ಅಮ್ಮಾ, ತಾತನಿಗೆ ಬಿ.ಪಿ. ಇದೆ, ಇದರಲ್ಲಿ ಎಷ್ಟು ಸೋಡಿಯಂ ಇದೆ ನೋಡು" ಎಂದಳು.

ಪೊಟ್ಟಣದ ಲೆಕ್ಕ ನೋಡುವುದು ಕಷ್ಟವೇನಲ್ಲ. ಸೋಡಿಯಂ ಎಂದು ಬರೆದಿರುವ ಮಿಲಿಗ್ರಾಂ ಅನ್ನು ಎರಡೂವರೆಯಿಂದ ಗುಣಿಸಿದರೆ ಅದು ಎಷ್ಟು ಉಪ್ಪಿಗೆ ಸಮ ಎಂದು ತಿಳಿಯುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ತಲೆತಟ್ಟಿದ ಒಂದು ಟೀ ಚಮಚದೊಳಗೆ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಮುಗಿಯಬೇಕು! ಬರೆದಿರುವ ಲೆಕ್ಕ ಒಂದು ಬಟ್ಟಲಿಗೋ, ನೂರು ಗ್ರಾಂ ಪುಡಿಗೋ ಎಂಬುದನ್ನೂ ನೋಡಿಕೊಳ್ಳಿ.

ನಮ್ಮ ಅತ್ತೆ ಪೊಟ್ಟಣಗಳನ್ನು ಒಂದು ಕಡೆ ಎತ್ತಿಟ್ಟು, "ಹಿತ್ತಲಲ್ಲಿ ಸೋರೆಕಾಯಿ ಬಿದ್ದವೆ, ಡಬ್ಬೀಲಿ ಹೆಸರುಬೇಳೆ ಅದೆ. ಇನ್ನೇನು ಬೇಕು ಕಣವ್ವ? ಸೋಸಬೇಡ, ಅರೆದು ಕೊಡು" ಎಂದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಸಾಯಂಕಾಲದ ಸೂಪ್ ಶುರುವಾಯಿತು.

ಮೂಲ ಸೂಪ್

ಇದೊಂದನ್ನು ಕಲಿತರೆ ಹಿತ್ತಿಲಲ್ಲಿ ಏನಿದೆಯೋ ಅದರಿಂದ ದಿನಕ್ಕೊಂದು ಬಗೆ ಮಾಡಬಹುದು. ಇಲ್ಲಿ ಬಟ್ಟಲು ಎಂದರೆ 200 ಮಿಲಿಲೀಟರ್ ಹಿಡಿಯುವ ಬಟ್ಟಲು. ಅಳತೆ ನಾಲ್ಕು ಜನಕ್ಕೆ.

ಬೇಕಾಗುವ ಸಾಮಾನು: ಹೆಚ್ಚಿದ ತರಕಾರಿ 2 ಬಟ್ಟಲು (ಸೋರೆಕಾಯಿ, ಸೀಮೆಬದನೆ, ಹೀರೆಕಾಯಿ, ಗಜ್ಜರಿ, ಹುರುಳಿಕಾಯಿ, ಯಾವುದಾದರೂ ಸರಿ), ಹೆಸರುಬೇಳೆ 4 ದೊಡ್ಡ ಚಮಚ, ಈರುಳ್ಳಿ 1, ಶುಂಠಿ ಅರ್ಧ ಅಂಗುಲ, ಮೆಣಸು 6 ಕಾಳು, ಜೀರಿಗೆ ಅರ್ಧ ಚಮಚ, ನೀರು 4 ಬಟ್ಟಲು, ತುಪ್ಪ 2 ಚಮಚ, ಉಪ್ಪು ಅರ್ಧ ಚಮಚ, ನಿಂಬೆಹಣ್ಣು ಅರ್ಧ ಹೋಳು, ಕೊತ್ತಂಬರಿ ಸೊಪ್ಪು ಸ್ವಲ್ಪ.

ಮಾಡುವ ವಿಧಾನ: ಬೇಳೆಯನ್ನು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಬೆಚ್ಚಗೆ ಹುರಿದು ತೊಳೆಯಿರಿ. ಕುಕ್ಕರಿನಲ್ಲಿ ತುಪ್ಪ ಕಾಯಿಸಿ ಜೀರಿಗೆ, ಕುಟ್ಟಿದ ಮೆಣಸು, ಶುಂಠಿ, ಈರುಳ್ಳಿ ಹಾಕಿ ಬಾಡಿಸಿ. ಈರುಳ್ಳಿ ಕೆಂಪಗಾಗುವುದು ಬೇಡ, ಮೆತ್ತಗಾದರೆ ಸಾಕು. ತರಕಾರಿ, ಬೇಳೆ, ನೀರು ಸೇರಿಸಿ ಮೂರು ಕೂಗು ಕೂಗಿಸಿ. ಆರಿದ ಮೇಲೆ ಮಿಕ್ಸಿಯಲ್ಲಿ ಇಲ್ಲವೇ ಮಜ್ಜಿಗೆ ಕಡೆಯುವ ಕಡೆಗೋಲಿನಿಂದ ನುಣ್ಣಗೆ ಮಾಡಿ. ಮತ್ತೆ ಒಂದು ಕುದಿ ಕುದಿಸಿ ಉಪ್ಪು ಹಾಕಿ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು ಸೇರಿಸಿ.

ಇದರ ಹಿಂದಿರುವ ಕಾರಣಗಳನ್ನೂ ತಿಳಿದುಕೊಂಡರೆ ಒಳ್ಳೆಯದು. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇರುತ್ತದೆ. ಸೂಪಿಗೆ ಮೈದಾ, ಕಾರ್ನ್‌ಫ್ಲೋರ್ ಬದಲು ಬೇಳೆಯೇ ಮಂದ ಕೊಡುತ್ತದೆ, ಜೊತೆಗೆ ಮೈಗೂ ಹತ್ತುತ್ತದೆ. ಗಜ್ಜರಿ, ಸಿಹಿಗುಂಬಳ, ಸೊಪ್ಪುಗಳಲ್ಲಿ ನಮ್ಮ ದೇಹ 'ಎ' ಜೀವಸತ್ವವಾಗಿ ಮಾಡಿಕೊಳ್ಳುವ ಅಂಶವಿದೆ, ಅದು ಮೈಗೆ ಸೇರಲು ಸ್ವಲ್ಪ ಜಿಡ್ಡು ಬೇಕೇ ಬೇಕು. ಆದ್ದರಿಂದ ಆ ಎರಡು ಚಮಚ ತುಪ್ಪಕ್ಕೆ ಜಿಪುಣತನ ಬೇಡ. 'ಸಿ' ಜೀವಸತ್ವ ಬಿಸಿಗೆ ಹಾಳಾಗುವಂಥದು, ಅದಕ್ಕೇ ನಿಂಬೆರಸವನ್ನು ಕೊನೆಯಲ್ಲಿ ಹಿಂಡುವುದು. ಹುಳಿ ಬಿದ್ದರೆ ನಾಲಿಗೆಗೆ ಕಡಿಮೆ ಉಪ್ಪೂ ಸಪ್ಪೆ ಎನ್ನಿಸುವುದಿಲ್ಲ. ಬಿ.ಪಿ. ಇರುವವರ ಮನೆಯಲ್ಲಿ ಇದೊಂದು ದೊಡ್ಡ ಉಪಕಾರ.

ಟೊಮೇಟೊ ಸೂಪ್, ಮೈದಾ ಇಲ್ಲದೆ

ಬೇಕಾಗುವ ಸಾಮಾನು: ಚೆನ್ನಾಗಿ ಹಣ್ಣಾದ ಟೊಮೇಟೊ 5, ಗಜ್ಜರಿ 1, ಬೀಟ್‌ರೂಟ್ ಒಂದು ಸಣ್ಣ ಚೂರು (ಬಣ್ಣಕ್ಕೆ), ಈರುಳ್ಳಿ ಅರ್ಧ, ಬೆಳ್ಳುಳ್ಳಿ 2 ಎಸಳು, ಬೆಂದ ತೊಗರಿಬೇಳೆ ಅರ್ಧ ಬಟ್ಟಲು, ನೀರು 2 ಬಟ್ಟಲು, ಬೆಲ್ಲ ಗೋಲಿ ಗಾತ್ರ, ಮೆಣಸಿನಪುಡಿ ಕಾಲು ಚಮಚ (ಕರಿಮೆಣಸು), ಬೆಣ್ಣೆ ಅಥವಾ ತುಪ್ಪ 2 ಚಮಚ, ಉಪ್ಪು.

ಮಾಡುವ ವಿಧಾನ: ಬೆಳಿಗ್ಗೆ ಸಾರಿಗೆ ಬೇಳೆ ಬೇಯಿಸುವಾಗಲೇ ಅರ್ಧ ಬಟ್ಟಲು ತೆಗೆದು, ಸಂಜೆವರೆಗೆ ಫ್ರಿಜ್ಜಿನಲ್ಲಿಡಿ. ತರಕಾರಿಗಳನ್ನು ತುಪ್ಪದಲ್ಲಿ ಬಾಡಿಸಿ, ನೀರು ಹಾಕಿ ಮೆತ್ತಗೆ ಬೇಯಿಸಿ, ಆರಿದ ಮೇಲೆ ಬೇಳೆಯ ಜೊತೆ ಅರೆಯಿರಿ. ಟೊಮೇಟೊ ಬೀಜ, ಸಿಪ್ಪೆ ಬಾಯಿಗೆ ಸಿಕ್ಕುವುದು ಇಷ್ಟವಿಲ್ಲದಿದ್ದರೆ ದಪ್ಪ ಕಣ್ಣಿನ ಜಾಲರಿಯಲ್ಲಿ ಸೌಟಿನಿಂದ ಒತ್ತಿ ಸೋಸಿ, ತಿರುಳೆಲ್ಲ ಕೆಳಗಿಳಿಯಲಿ. ಬೆಲ್ಲ, ಉಪ್ಪು, ಮೆಣಸಿನಪುಡಿ ಹಾಕಿ ಕುದಿಸಿ. ಟೊಮೇಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಎಂಬ ಅಂಶ, ಹಸಿ ಹಣ್ಣಿಗಿಂತ ಜಿಡ್ಡಿನೊಡನೆ ಬೇಯಿಸಿದ ಹಣ್ಣಿನಿಂದ ಮೈಗೆ ಚೆನ್ನಾಗಿ ಸೇರುತ್ತದೆ.

ಹುಳಿ ಪದಾರ್ಥವಾದ್ದರಿಂದ ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇದನ್ನು ಮಾಡಬೇಡಿ, ಕಿಲುಬು ಬಿಟ್ಟುಕೊಳ್ಳುತ್ತದೆ. ಸ್ಟೀಲು ಪಾತ್ರೆಯಾದರೆ ಯೋಚನೆಯಿಲ್ಲ. ಮನೆಯಲ್ಲಿ ಅಜ್ಜಿಯ ಕಾಲದ ಕಲ್ಚಟ್ಟಿ ಇದ್ದರಂತೂ ಕೇಳುವುದೇ ಬೇಡ, ಇಳಿಸಿದ ಮೇಲೂ ಬಹಳ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ.

ಸಿಹಿಗುಂಬಳದ ಸೂಪ್

ಬೇಕಾಗುವ ಸಾಮಾನು: ಸಿಪ್ಪೆ ತೆಗೆದು ಹೆಚ್ಚಿದ ಸಿಹಿಗುಂಬಳ 2 ಬಟ್ಟಲು, ಈರುಳ್ಳಿ 1, ಶುಂಠಿ ಅರ್ಧ ಅಂಗುಲ, ನೀರು 2 ಬಟ್ಟಲು, ಕಾಯಿಸಿದ ಹಾಲು 1 ಬಟ್ಟಲು, ತುಪ್ಪ 1 ಚಮಚ, ಮೆಣಸಿನಪುಡಿ, ಉಪ್ಪು.

ಮಾಡುವ ವಿಧಾನ: ಹಾಲೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಾಡಿಸಿ, ಬೇಯಿಸಿ, ಅರೆದು ಕುದಿಸಿ. ಒಲೆ ಆರಿಸಿದ ಮೇಲೆ ಬೆಚ್ಚಗಿನ ಹಾಲು ಬೆರೆಸಿ. ಇದಕ್ಕೆ ನಿಂಬೆರಸ ಹಾಕಬಾರದು, ಹಾಲು ಒಡೆಯುತ್ತದೆ. ಕುಂಬಳದ ಬೀಜಗಳನ್ನು ಎಸೆಯದೆ ತೊಳೆದು ಬಿಸಿಲಲ್ಲಿ ಒಣಗಿಸಿ ಹುರಿದಿಟ್ಟರೆ, ಸುಲಿದು ಮೇಲೆ ಉದುರಿಸಲು ಆಗುತ್ತದೆ. ಕೆನೆಯಿಲ್ಲದೆಯೇ ಕೆನೆಯ ರುಚಿ ಬರುವ ಸೂಪ್ ಇದು, ಮಕ್ಕಳಿಗೆ ಬಲು ಇಷ್ಟ.

ನುಗ್ಗೆಸೊಪ್ಪಿನ ಸೂಪ್

ಬೇಕಾಗುವ ಸಾಮಾನು: ಬಿಡಿಸಿದ ಎಳೆ ನುಗ್ಗೆಸೊಪ್ಪು 2 ಹಿಡಿ, ಹೆಸರುಬೇಳೆ 4 ದೊಡ್ಡ ಚಮಚ, ಸಾಂಬಾರ್ ಈರುಳ್ಳಿ 6, ಬೆಳ್ಳುಳ್ಳಿ 4 ಎಸಳು, ಟೊಮೇಟೊ 1, ಮೆಣಸು-ಜೀರಿಗೆ ಕುಟ್ಟಿದ್ದು 1 ಚಮಚ, ನೀರು 4 ಬಟ್ಟಲು, ತುಪ್ಪ, ಉಪ್ಪು.

ಮಾಡುವ ವಿಧಾನ: ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊವನ್ನು ಮೊದಲು ಮೆತ್ತಗೆ ಬೇಯಿಸಿ ಮಸೆಯಿರಿ. ಕುದಿಯುವಾಗ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ. ಅತಿಯಾಗಿ ಬೆಂದರೆ ಬಣ್ಣ ಕೆಟ್ಟು ಕಹಿ ಮುಂದಾಗುತ್ತದೆ. ತುಪ್ಪದಲ್ಲಿ ಮೆಣಸು-ಜೀರಿಗೆ ಒಗ್ಗರಣೆ ಕೊಡಿ. ಅಗಿಯಲಾರದವರಿಗೆ ಅರೆದು ಕೊಡಿ, ಮಿಕ್ಕವರು ಹಾಗೆಯೇ ಕುಡಿಯಬಹುದು. ನುಗ್ಗೆ ಇಲ್ಲದಿದ್ದರೆ ಹರಿವೆ, ದಂಟು, ಬಸಳೆ ಯಾವುದಾದರೂ ಆಯ್ತು.

ರಾಗಿ ತರಕಾರಿ ಸೂಪ್

ಬೇಕಾಗುವ ಸಾಮಾನು: ರಾಗಿಹಿಟ್ಟು 3 ದೊಡ್ಡ ಚಮಚ, ಬಹಳ ಸಣ್ಣಗೆ ಹೆಚ್ಚಿದ ಗಜ್ಜರಿ, ಹುರುಳಿಕಾಯಿ, ಕೋಸು ಸೇರಿ 1 ಬಟ್ಟಲು, ಬೆಳ್ಳುಳ್ಳಿ 3 ಎಸಳು, ನೀರು 4 ಬಟ್ಟಲು, ಗಟ್ಟಿ ಮಜ್ಜಿಗೆ ಅರ್ಧ ಬಟ್ಟಲು, ಮೆಣಸಿನಪುಡಿ, ತುಪ್ಪ, ಉಪ್ಪು.

ಮಾಡುವ ವಿಧಾನ: ತರಕಾರಿಯನ್ನು ತುಪ್ಪದಲ್ಲಿ ಬಾಡಿಸಿ ಮೂರು ಬಟ್ಟಲು ನೀರಿನಲ್ಲಿ ಬೇಯಿಸಿ. ರಾಗಿಹಿಟ್ಟನ್ನು ಉಳಿದ ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯುವ ತರಕಾರಿಗೆ ಹೊಯ್ಯುತ್ತಾ ಕೈಬಿಡದೆ ತಿರುವಿ. ಹಿಟ್ಟಿನ ಹಸಿ ವಾಸನೆ ಹೋಗಿ ಹೊಳಪು ಬರುವವರೆಗೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಬೇಕು. ಇಳಿಸಿ, ಸ್ವಲ್ಪ ಆರಿದ ಮೇಲೆ ಮಜ್ಜಿಗೆ ಬೆರೆಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿ ಗೋಧಿಗಳಲ್ಲಿ ಇಷ್ಟಿಲ್ಲ.

ನಮ್ಮ ಮಾವನವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. "ಇದು ಸೂಪಲ್ಲ ಕಣಮ್ಮ, ನೀರಾದ ಮುದ್ದೆ" ಎಂದು ನಕ್ಕರು.

ಒಬ್ಬರಿಗೆ ಬೇರೆ ಅಡಿಗೆ ಬೇಡ

ರುಚಿ ಸರಿಹೋದರೂ ಇನ್ನೊಂದು ತೊಡಕಿತ್ತು. ಮಾವನವರು ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಗೆ ಸಂಕೋಚ. ಎಲ್ಲರೂ ತಟ್ಟೆ ಮುಂದೆ ಕೂತಾಗ ತಾವೊಬ್ಬರು ರೋಗಿಯ ಹಾಗೆ ಲೋಟ ಹಿಡಿಯುವುದು ಅವರಿಗೆ ಬೇಡವಾಗಿತ್ತು. ಕೋಣೆಗೇ ಕೊಟ್ಟುಬಿಡು ಎನ್ನುತ್ತಿದ್ದರು. ಕೋಣೆಗೆ ಕೊಟ್ಟ ಲೋಟ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು.

ಇದನ್ನು ಕಂಡುಹಿಡಿದವರೂ ಅತ್ತೆಯೇ. "ಎಲ್ಲಾರ್ಗೂ ಅದೇ ಮಾಡು, ಅದೇ ಲೋಟ್ದಲ್ಲಿ ಕೊಡು" ಎಂದರು. ರಾತ್ರಿ ಊಟಕ್ಕೆ ಮೊದಲು ಮಕ್ಕಳಿಂದ ಹಿಡಿದು ಎಲ್ಲರಿಗೂ ಒಂದೊಂದು ಸ್ಟೀಲು ಲೋಟ ಸೂಪ್ ಕೊಡತೊಡಗಿದೆ. ನಾಲ್ಕನೆಯ ದಿನ ಮಾವನವರು ತಾವಾಗಿ ಬಂದು ಮಣೆಯ ಮೇಲೆ ಕೂತರು. ಕ್ರಮೇಣ ಸೂಪಿನ ಜೊತೆ ಕಿವುಚಿದ ಮೆತ್ತನೆ ಅನ್ನ, ಆಮೇಲೆ ಸಾರಿನಲ್ಲಿ ನೆನೆದ ಸಣ್ಣ ಮುದ್ದೆ. ಎರಡು ತಿಂಗಳ ಹೊತ್ತಿಗೆ ಇಳಿದಿದ್ದರಲ್ಲಿ ಎರಡೂವರೆ ಕಿಲೋ ಮರಳಿ ಬಂತು. ಡಾಕ್ಟರ ಔಷಧಿ ತನ್ನ ಕೆಲಸ ಮಾಡಿತು, ಆದರೆ ಜೊತೆಯಲ್ಲಿ ಕೂತು ಉಂಡದ್ದೂ ಕೆಲಸ ಮಾಡಿತು ಎಂದೇ ನನ್ನ ನಂಬಿಕೆ. ವಯಸ್ಸಾದವರಿರುವ ಮನೆಯ ಸೋದರಿಯರು ಇದೊಂದು ಮಾತನ್ನು ಮರೆಯಬಾರದು. ಅವರೊಬ್ಬರಿಗೆಂದು ಪಥ್ಯದ ಅಡಿಗೆ ಮಾಡಿ ಬೇರೆ ಇಡುವ ಬದಲು, ಅವರಿಗೆ ಆಗುವಂಥದನ್ನು ಎಲ್ಲರೂ ಒಂದು ಲೋಟ ಕುಡಿದರೆ ಯಾರಿಗೂ ನಷ್ಟವಿಲ್ಲ.

ಹಿತ್ತಿಲಿಗೊಂದಿಷ್ಟು

ಸೂಪಿಗೆ ಬೇಕಾದ ತರಕಾರಿಗೆ ಎಕರೆಗಟ್ಟಲೆ ಜಾಗ ಬೇಡ. ಹರಿವೆ ಬೀಜ ಚೆಲ್ಲಿದರೆ ಮೂರು ನಾಲ್ಕು ವಾರದಲ್ಲಿ ಸೊಪ್ಪು ಕೈಗೆ ಬರುತ್ತದೆ. ನುಗ್ಗೆ ಕೊಂಬೆ ನೆಟ್ಟರೆ ಚಿಗುರುತ್ತದೆ. ಬಸಳೆ ಬೇಲಿಗೆ ಹಬ್ಬುತ್ತದೆ, ಸೋರೆ ಬಚ್ಚಲ ನೀರಿಗೇ ಬೆಳೆದುಕೊಳ್ಳುತ್ತದೆ. ಹಿತ್ತಿಲಿಲ್ಲದವರು ಹಳೆಯ ಬಕೆಟ್ಟು, ಸಿಮೆಂಟು ಚೀಲಗಳಲ್ಲಿ ಟೊಮೇಟೊ, ಕೊತ್ತಂಬರಿ, ದೊಡ್ಡಪತ್ರೆ ಬೆಳೆಸಬಹುದು. ಬೆಂಗಳೂರಿನ ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ತಳಿಗಳಲ್ಲಿ ಅರ್ಕಾ ಬಹಾರ್ ಸೋರೆ, ಅರ್ಕಾ ಚಂದನ್ ಸಿಹಿಗುಂಬಳ, ಅರ್ಕಾ ವಿಕಾಸ್ ಟೊಮೇಟೊ ಸೇರಿವೆ. ಆ ಭಾಗದಲ್ಲಿ ಹರಿಯುವ ಅರ್ಕಾವತಿ ನದಿಯ ಹೆಸರೇ ಈ ತಳಿಗಳಿಗೆ ಬಂದಿದೆ. ಸೀಮೆಬದನೆಯಂತೂ ನಮ್ಮೂರಿನದೇ ಆಗಿಹೋಗಿದೆ. ಅಮೆರಿಕ ಖಂಡದ ಕಡೆಯಿಂದ ಬಂದ ಈ ಕಾಯನ್ನು ತಮಿಳರು ಇಂದಿಗೂ 'ಬೆಂಗಳೂರು ಕತ್ತರಿಕ್ಕಾಯ್' ಎಂದೇ ಕರೆಯುತ್ತಾರೆ.

ಎಚ್ಚರದ ಮಾತುಗಳು

* ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗಿದು, ಆ ಕಾಯನ್ನು ಪೂರ್ತಿ ಎಸೆಯಿರಿ. ಬೇಯಿಸಿದರೆ ಸರಿಹೋದೀತು ಎನ್ನಬೇಡಿ. ಕಹಿ ಸೋರೆಯ ರಸ ಕುಡಿದು ವಾಂತಿ, ಭೇದಿಯಾಗಿ ಪ್ರಾಣ ಹೋದದ್ದೂ ಉಂಟು.

* ಕುದಿಯುವ ಸೂಪನ್ನು ಮಿಕ್ಸಿಗೆ ಹಾಕಬೇಡಿ. ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮುಖಕ್ಕೆ ಎರಚುತ್ತದೆ. ಆರಲು ಬಿಟ್ಟು, ಜಾರಿನ ಅರ್ಧದಷ್ಟೇ ತುಂಬಿಸಿ.

* ಮಾಡಿದ ಸೂಪನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ ಕೊಡಿ.

* ಮೂತ್ರಪಿಂಡದ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ತರಕಾರಿ ಸೂಪ್ ಕೊಡಬಾರದು. ತರಕಾರಿಯಲ್ಲಿರುವ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಅದು ಅಂಥವರಿಗೆ ಹೆಚ್ಚಾಗಬಾರದು.

* ಲಕ್ವ ಹೊಡೆದು ನುಂಗಲು ಕಷ್ಟಪಡುವವರಿಗೆ ತೆಳ್ಳಗಿನ ಸೂಪ್ ನೆತ್ತಿಗೆ ಹತ್ತುವ ಅಪಾಯವಿದೆ. ಎಷ್ಟು ಮಂದವಿರಬೇಕು ಎಂದು ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಮಲಗಿಸಿಕೊಂಡು ಯಾರಿಗೂ ಕುಡಿಸಬೇಡಿ, ಎಬ್ಬಿಸಿ ಕೂರಿಸಿ.

* ಆರು ತಿಂಗಳು ತುಂಬಿದ ಮಗುವಿಗೆ ಮೇಲಿನ ಆಹಾರ ಶುರುಮಾಡುವಾಗ ತಿಳಿ ಸೂಪ್ ಸಾಲದು. ಚಮಚ ವಾಲಿಸಿದರೆ ಸುರಿದುಹೋಗದಷ್ಟು ಗಟ್ಟಿಯಾಗಿರಲಿ. ವರ್ಷ ತುಂಬುವವರೆಗೆ ಉಪ್ಪು ಬೇಡ.

* ಬಟಾಣಿ ಸಿಪ್ಪೆ, ಕೊತ್ತಂಬರಿ ಕಡ್ಡಿ, ಕೋಸಿನ ದಿಂಡು ಇವನ್ನು ತೊಳೆದು ಅರ್ಧ ಗಂಟೆ ಬೇಯಿಸಿ ಸೋಸಿದ ನೀರನ್ನು ಸೂಪಿಗೆ ಬರೀ ನೀರಿನ ಬದಲು ಬಳಸಿದರೆ ರುಚಿ ಹೆಚ್ಚುತ್ತದೆ. ಅಂಗಡಿಯಿಂದ ತಂದ ತರಕಾರಿಯಾದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುವುದನ್ನು ಮರೆಯಬೇಡಿ.

ಇವತ್ತೇ ಸಂಜೆ ಹಿತ್ತಿಲಿಗೊಮ್ಮೆ ಹೋಗಿ ನೋಡಿ. ಏನೂ ಇಲ್ಲ ಎಂದುಕೊಂಡ ಕಡೆ ಒಂದು ಎಳೆ ಸೋರೆಯೋ, ಎರಡು ಹಿಡಿ ಸೊಪ್ಪೋ ಇದ್ದೇ ಇರುತ್ತದೆ. ಬೇಳೆ ಡಬ್ಬಿ ಮನೆಯಲ್ಲಿದೆ. ಇನ್ನು ಒಲೆ ಹಚ್ಚುವುದೊಂದೇ ಬಾಕಿ.